ಬಿಸಿಯಾದ ಮೇಲೆ ಚೈನ್‌ಸಾ ನಿಂತುಹೋಗುತ್ತೆ, ಸ್ಕ್ರೂ ತಿರುಗಿಸಿದರೆ ಎರಡು ದಿನ ಸರಿ, ಮತ್ತೆ ಅದೇ ಕಥೆ

ತೋಟ_ಮೂಡಿಗೆರೆ

ನಮಸ್ಕಾರ. ಮರಗಸಿ (ತೋಟದ ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ಅರ್ಧ ಆಗಿದೆ, ಮಳೆ ಹಿಡಿಯೋದ್ರೊಳಗೆ ಮುಗಿಸಬೇಕು, ಮೆಷಿನ್ ಕೈ ಕೊಡ್ತಾ ಇದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

45 ಸಿಸಿ ಮೆಷಿನ್, 18 ಇಂಚಿನ ಬಾರ್ (ಚೈನು ಸುತ್ತುವ ಉದ್ದ ಪಟ್ಟಿ), .325 ಇಂಚು ಪಿಚ್ ಚೈನು. ನಾಲ್ಕು ವರ್ಷ ಹಳೇದು. ಕಾರ್ಬೊರೇಟರ್‌ನಲ್ಲಿ ಮೂರು ಸ್ಕ್ರೂ ಇರುವ ಮಾಡೆಲ್. ಬೆಳಿಗ್ಗೆ ತಣ್ಣಗಿದ್ದಾಗ ಮೂರ್ನಾಲ್ಕು ಎಳೆತಕ್ಕೆ ಸ್ಟಾರ್ಟ್ ಆಗುತ್ತೆ. ಇಪ್ಪತ್ತು ನಿಮಿಷ ಚೆನ್ನಾಗಿ ಕೊಯ್ಯುತ್ತೆ. ಆಮೇಲೆ ಸ್ಲೋ (ರೇಸ್ ಕೊಡದಿದ್ದಾಗಿನ ಓಟ) ಒಂದೇ ಸಮ ನಿಲ್ಲಲ್ಲ. ರೇಸ್ ಬಿಟ್ಟರೂ ಮೂರ್ನಾಲ್ಕು ಸೆಕೆಂಡ್ ಕೂಗ್ತಾನೇ ಇದ್ದು ನಿಧಾನಕ್ಕೆ ಇಳಿಯುತ್ತೆ. ಮತ್ತೆ ರೇಸ್ ಕೊಟ್ಟರೆ ಉಸಿರು ಕಟ್ಟಿದ ಹಾಗಾಗಿ ಆಫ್. ಹದಿನೈದು ಇಪ್ಪತ್ತು ನಿಮಿಷ ಆರಿದ ಮೇಲೇ ಮತ್ತೆ ಸ್ಟಾರ್ಟ್.

ಪ್ಲಗ್, ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್ ಹೊಸದು ಹಾಕಿದೆ. ರಿಪೇರಿಯವರು ಎರಡು ಸಲ ಸ್ಕ್ರೂ ತಿರುಗಿಸಿ ಕೊಟ್ಟರು, ಎರಡೇ ದಿನಕ್ಕೆ ಮತ್ತೆ ಹಾಗೇ. ಪೆಟ್ರೋಲ್ ಬಂಕಿನದು, 2ಟಿ ಆಯಿಲ್ ಮುಚ್ಚಳದ ಅಂದಾಜಿನಲ್ಲಿ ಹಾಕೋದು.

ಜೊತೆಗೆ ಇನ್ನೆರಡು ವಿಷಯ. ದಪ್ಪ ದಿಮ್ಮಿ ಕೊಯ್ಯುವಾಗ ಕಟ್ ಬಲಕ್ಕೆ ಸೊಟ್ಟ ಹೋಗುತ್ತೆ. ಮತ್ತೆ, ಮರ ಹತ್ತುವವರ ಹಗ್ಗ ಬೆಲ್ಟ್ ಯಾವಾಗ ಬದಲಾಯಿಸಬೇಕು?

ಎರಡುಸ್ಟ್ರೋಕ್_ಸಕಲೇಶಪುರ

ಮೊದಲು ಒಂದು ಮಾತು: ಕಾರಣ ಸಿಗುವ ತನಕ ಈ ಮೆಷಿನ್‌ನಲ್ಲಿ ಮರ ಕೊಯ್ಯಬೇಡಿ. ರೇಸ್ ಬಿಟ್ಟ ಮೇಲೂ ಕೂಗ್ತಾ ಇರುತ್ತೆ ಅಂದಿರಲ್ಲ, ಅದು ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿರುವ ಲಕ್ಷಣ. ಎರಡು ಸ್ಟ್ರೋಕ್ ಇಂಜಿನ್‌ಗೆ ಬೇರೆ ಆಯಿಲ್ ಇಲ್ಲ, ಪೆಟ್ರೋಲ್ ಜೊತೆ ಬರುವ ಆಯಿಲ್ಲೇ ಗತಿ. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಮ್ಮಿಯಾದರೆ ಆಯಿಲ್ಲೂ ಕಮ್ಮಿ, ಬಿಸಿಯೂ ಜಾಸ್ತಿ. ಹೀಗೇ ಓಡಿಸಿದರೆ ಪಿಸ್ಟನ್ ಬೋರಿಗೆ ಕಚ್ಚಿಕೊಳ್ಳುತ್ತೆ. ಆಮೇಲೆ ಒಂದು ಸಣ್ಣ ರಬ್ಬರಿನಲ್ಲಿ ಮುಗಿಯಬಹುದಾದ ಕೆಲಸಕ್ಕೆ ಬೋರ್ ಕಿಟ್, ಅಂದರೆ ಹೊಸ ಸಿಲಿಂಡರ್ ಪಿಸ್ಟನ್, ಹಾಕಬೇಕಾಗುತ್ತೆ.

ಸ್ಕ್ರೂ ತಿರುಗಿಸಿದಾಗ ಎರಡು ದಿನ ಸರಿ ಹೋಗೋದು ಯಾಕೆ ಅಂದರೆ, ಸ್ಕ್ರೂ ಬಿಚ್ಚಿ ಪೆಟ್ರೋಲ್ ಜಾಸ್ತಿ ಬಿಟ್ಟರೆ ಒಳಗೆ ಸೇರುವ ಕಳ್ಳಗಾಳಿಗೆ ಸಮ ಆಗುತ್ತೆ. ಆದರೆ ತೂತು ಇದ್ದಲ್ಲೇ ಇದೆ, ದಿನಾ ದೊಡ್ಡದಾಗುತ್ತೆ. ಅದಕ್ಕೇ ಇಂಥ ಮೆಷಿನ್‌ಗೆ ಟ್ಯೂನಿಂಗ್ ಕೊನೆಯ ಕೆಲಸ ಆಗಬೇಕು. ಮೊದಲೇ ಸ್ಕ್ರೂಡ್ರೈವರ್ ಹಾಕುವವರು ರೋಗ ಮುಚ್ಚಿಡ್ತಾರೆ.

ಆದರೂ ಬರೀ ಲಕ್ಷಣ ನಂಬಿ ಬಿಚ್ಚಬೇಡಿ. ಮೆಷಿನ್ ಬಿಸಿಯಾಗಿ ಆಫ್ ಆದ ಆ ಕ್ಷಣಕ್ಕೇ ನಾಲ್ಕು ಪರೀಕ್ಷೆ ಮಾಡಿ. ಆರಿದ ಮೇಲೆ ಮಾಡಿದರೆ ಏನೂ ಗೊತ್ತಾಗಲ್ಲ.

ಒಂದು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸ್ವಲ್ಪ ಸಡಿಲ ಮಾಡಿ. ಬಿಸಿ ಮೆಷಿನ್‌ನಿಂದ ಪೆಟ್ರೋಲ್ ಚಿಮ್ಮಬಹುದು, ಮುಖ ದೂರ ಇರಲಿ, ಹತ್ತಿರ ಬೀಡಿ ಸಿಗರೇಟ್ ಬೇಡ. ಸುಸ್ ಅಂತ ಗಾಳಿ ಒಳಗೆ ಎಳೆದುಕೊಂಡು, ತಕ್ಷಣ ಸ್ಟಾರ್ಟ್ ಆದರೆ ಟ್ಯಾಂಕಿನ ಗಾಳಿ ದಾರಿ ಕಟ್ಟಿದೆ. ಹೊಸ ವೆಂಟ್ ಹಾಕಿದರೆ ಮುಗೀತು.

ಎರಡು, ಕಿಡಿ. ಪ್ಲಗ್ ಬಿಚ್ಚಿ, ಪ್ಲಗ್ ತೂತಿನಿಂದ ದೂರ ಸಿಲಿಂಡರ್ ಮೈಗೆ ಒತ್ತಿ ಹಗ್ಗ ಎಳೆಯಿರಿ. ಬಿಸಿಯಲ್ಲಿ ಕಿಡಿ ಇಲ್ಲ, ಆರಿದಾಗ ಇದೆ ಅಂದರೆ ಇಗ್ನಿಷನ್ ಕಾಯಿಲ್ ಹೋಗಿದೆ. ಕಾಯಿಲ್ ತರಿಸುವ ಮೊದಲು ಸ್ವಿಚ್ಚಿಗೆ ಹೋಗುವ ತೆಳು ವೈರು ಬಿಚ್ಚಿ ಇನ್ನೊಮ್ಮೆ ನೋಡಿ. ಆ ವೈರು ಎಲ್ಲೋ ಉಜ್ಜಿ ಮೈಗೆ ತಾಗುತ್ತಿದ್ದರೂ ಕಿಡಿ ಸಾಯುತ್ತೆ. ಕಾಯಿಲ್‌ಗೂ ಫ್ಲೈವೀಲ್‌ಗೂ ಗ್ಯಾಪ್ 0.2 ರಿಂದ 0.3 ಮಿ.ಮೀ., ಪ್ಲಗ್ ಗ್ಯಾಪ್ 0.5 ಮಿ.ಮೀ.

ಮೂರು, ಅದೇ ಪ್ಲಗ್ಗಿನ ತುದಿ ನೋಡಿ. ಒದ್ದೆ ಇದ್ದರೆ ಪೆಟ್ರೋಲ್ ಜಾಸ್ತಿ, ಕಾರ್ಬೊರೇಟರ್‌ನ ನೀಡಲ್ (ಪೆಟ್ರೋಲ್ ತಡೆದು ಬಿಡುವ ಸೂಜಿ) ಸೋರುತ್ತಿದೆ. ಒಣಗಿ ಬೂದಿಯ ಹಾಗೆ ಬೆಳ್ಳಗಿದ್ದರೆ ಗಾಳಿ ಜಾಸ್ತಿ ಅಥವಾ ಪೆಟ್ರೋಲ್ ಬರುತ್ತಿಲ್ಲ. ಚಹಾ ಕಂದು ಬಣ್ಣ ಸರಿಯಾದದ್ದು.

ನಾಲ್ಕು, ಕೆಡುವುದಕ್ಕೆ ಶುರುವಾದಾಗ ಸ್ಲೋನಲ್ಲಿಟ್ಟು ಮೆಷಿನ್ ಎಡಕ್ಕೆ, ಬಲಕ್ಕೆ, ಬಾರ್ ಕೆಳಗೆ ಮಾಡಿ ವಾಲಿಸಿ. ವಾಲಿಸಿದ ಹಾಗೆ ಸ್ಲೋ ಏರಿಳಿದರೆ ಗಾಳಿ ಸೋರಿಕೆ ಹೆಚ್ಚುಕಮ್ಮಿ ಖಾತ್ರಿ.

ಇದರ ಜೊತೆಗೆ ಸೈಲೆನ್ಸರ್ ಬಿಚ್ಚಿ ಎಕ್ಸಾಸ್ಟ್ ತೂತಿನಿಂದ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಕನ್ನಡಿ ಥರ ನುಣುಪಾಗಿದ್ದರೆ ಬಚಾವ್. ಎಕ್ಸಾಸ್ಟ್ ಕಡೆ ಉದ್ದುದ್ದ ಗೀರು ಇದ್ದರೆ ಈಗಾಗಲೇ ಆಯಿಲ್ ಇಲ್ಲದೆ ಉಜ್ಜಿದೆ. ಕಾರ್ಬೊರೇಟರ್ ಕಡೆ ಗೀರು ಇದ್ದರೆ ಅದು ಏರ್ ಫಿಲ್ಟರ್ ದಾಟಿ ಬಂದ ಧೂಳಿನದು. ಸೈಲೆನ್ಸರ್ ಒಳಗಿನ ಜಾಲರಿಯಲ್ಲಿ ಕರಿ ಕಟ್ಟಿದ್ದರೆ ಅದನ್ನೂ ಕೆರೆದು ತೆಗೆಯಿರಿ. ಸ್ಟಾರ್ಟರ್ ಕವರ್ ತೆಗೆದು ಸಿಲಿಂಡರಿನ ರೆಕ್ಕೆಗಳ ನಡುವೆ ಕಟ್ಟಿರುವ ಮರದಪುಡಿ-ಎಣ್ಣೆಯ ಗಸಿಯನ್ನು ಮರದ ಕಡ್ಡಿಯಿಂದ ಬಿಡಿಸಿ. ಹಾಲುವಾಣ ಮರದ ಹಸಿ ಪುಡಿ ಅಲ್ಲಿ ಒಣಗಿ ಗಾರೆಯಂತೆ ಕೂರುತ್ತೆ, ಆಮೇಲೆ ತಂಪಾಗುವ ದಾರಿಯೇ ಇಲ್ಲ.

ಕೊಪ್ಪ_ರಿಪೇರಿ

ಮೇಲಿನವರು ಹೇಳಿದ್ದು ಸರಿ. ಪೆಟ್ರೋಲಿನ ಬಗ್ಗೆ ನಾನು ಸೇರಿಸ್ತೀನಿ, ಯಾಕೆಂದರೆ ಈಗ ರಿಪೇರಿಗೆ ಬರುವ ಮೆಷಿನ್‌ಗಳಲ್ಲಿ ಅರ್ಧ ರೋಗದ ಮೂಲ ಅಲ್ಲೇ ಇದೆ.

ಬಂಕಿನಲ್ಲಿ ಈಗ ಸಿಗುವುದು ಇ20, ಅಂದರೆ ನೂರಕ್ಕೆ 20 ಭಾಗ ಎಥನಾಲ್ ಎಂಬ ಆಲ್ಕೋಹಾಲ್. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಕ್ಯಾನ್ ಮುಚ್ಚಳ ಸಡಿಲ ಬಿಟ್ಟರೆ ಬೇಗನೇ ನೀರು ಸೇರುತ್ತೆ. ನೀರು ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತೆ, ಪೆಟ್ರೋಲ್ ಮತ್ತು 2ಟಿ ಆಯಿಲ್ ಮೇಲೆ ಉಳಿಯುತ್ತೆ. ಮೆಷಿನ್ನಿನ ಪೆಟ್ರೋಲ್ ಫಿಲ್ಟರ್ ಇರುವುದು ಟ್ಯಾಂಕಿನ ತಳದಲ್ಲಿ. ಅದು ಮೊದಲು ಹೀರುವುದೇ ಆಯಿಲ್ ಇಲ್ಲದ ಆ ಪದರವನ್ನು. ಹಾಗಾಗಿ ಹಳೇ ಮಿಕ್ಸನ್ನು (ಆಯಿಲ್ ಬೆರೆಸಿದ ಪೆಟ್ರೋಲನ್ನು) ಪಾರದರ್ಶಕ ಬಾಟಲಿಗೆ ಹಾಕಿ ಒಂದು ಗಂಟೆ ಇಟ್ಟು ನೋಡಿ. ತಳದಲ್ಲಿ ಗೆರೆ ಕಂಡರೆ ಅಥವಾ ಮಬ್ಬಾಗಿದ್ದರೆ ಆ ಮಿಕ್ಸನ್ನು ಇಂಜಿನ್‌ಗೆ ಹಾಕಲೇಬೇಡಿ.

ಎರಡನೇದು, ಎಥನಾಲಿನಿಂದ ಕಾರ್ಬೊರೇಟರ್‌ನ ಡಯಾಫ್ರಮ್ (ಪೆಟ್ರೋಲ್ ಎಳೆದು ಅಳೆದು ಬಿಡುವ ತೆಳು ಪರದೆ), ಪೈಪು ಎಲ್ಲಾ ಗಟ್ಟಿಯಾಗುತ್ತೆ. ನಾಲ್ಕು ವರ್ಷದ ಮೆಷಿನ್ ಅಂದರೆ ಡಯಾಫ್ರಮ್ ಕಿಟ್ ಹೇಗೂ ಹಾಕಬೇಕಾದ ಸಮಯ. ಹಳೇ ಡಯಾಫ್ರಮ್ ಕೈಯಲ್ಲಿ ಹಿಡಿದು ಬೆರಳಲ್ಲಿ ಒತ್ತಿ: ತೆಳು ಬಟ್ಟೆಯಂತೆ ಬಾಗಬೇಕು. ಟಕ್ ಟಕ್ ಅಂತ ಶಬ್ದ ಬಂದರೆ ಅದು ಸತ್ತಿದೆ. ಜೋಡಿಸುವಾಗ ಬಹಳ ಜನ ತಪ್ಪುವುದು ಕ್ರಮದಲ್ಲಿ. ಮೀಟರಿಂಗ್ ಕಡೆ (ನೀಡಲ್ ಲಿವರ್ ಇರುವ ಕಡೆ) ಕಾರ್ಬೊರೇಟರ್ ಮೈಗೆ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಡಯಾಫ್ರಮ್. ಪಂಪ್ ಕಡೆ ಅದರ ತಿರುಗಮುರುಗ, ಮೈಗೆ ಮೊದಲು ಡಯಾಫ್ರಮ್, ಆಮೇಲೆ ಗ್ಯಾಸ್ಕೆಟ್. ಬಿಚ್ಚುವಾಗಲೇ ಮೊಬೈಲಲ್ಲಿ ಫೋಟೋ ತೆಗೆದಿಡಿ. ಒಳಗಿನ ಸಣ್ಣ ಬಟ್ಟಲಿನಂಥ ಜಾಲರಿಯನ್ನು ಸೂಜಿಯಿಂದ ಚುಚ್ಚಬೇಡಿ, ಕಿಟ್‌ನಲ್ಲಿ ಹೊಸದು ಬರುತ್ತೆ. ನೀಡಲ್ ಲಿವರನ್ನು ಗೇಜ್ ಇಲ್ಲದೆ ಬಗ್ಗಿಸಬೇಡಿ. ಕೂದಲೆಳೆ ಮೇಲಾದರೆ ಸೋರುತ್ತೆ, ಕೆಳಗಾದರೆ ಪೆಟ್ರೋಲ್ ಸಾಲಲ್ಲ.

ಮುಚ್ಚಳದ ಅಂದಾಜು ಇವತ್ತಿಗೇ ಬಿಡಿ. ಔಷಧಿ ಅಂಗಡಿಯಲ್ಲಿ ಸಿಗುವ 50 ಎಂ.ಎಲ್. ಸಿರಿಂಜ್ ತಂದಿಟ್ಟುಕೊಳ್ಳಿ. ಡಬ್ಬಿ ಮೇಲೆ ಜಾಸೋ ಎಫ್‌ಡಿ (ಜಪಾನಿನ ಗುಣಮಟ್ಟದ ಗುರುತು) ಅಂತ ಇರುವ ಒಳ್ಳೇ ಆಯಿಲ್ ಆದರೆ ಲೀಟರಿಗೆ 20 ಎಂ.ಎಲ್., 5 ಲೀಟರಿಗೆ 100. ಸಾಧಾರಣ ಬೈಕಿನ 2ಟಿ ಬಿಟ್ಟು ಬೇರೆ ಸಿಗದಿದ್ದರೆ ಲೀಟರಿಗೆ 40 ಎಂ.ಎಲ್. ದೋಣಿಯ ಔಟ್‌ಬೋರ್ಡ್ ಇಂಜಿನ್ನಿನ ಆಯಿಲ್ ಬೇಡ, ಅದು ನೀರಿನಲ್ಲಿ ತಂಪಾಗುವ ಇಂಜಿನ್ನಿಗೆ ಮಾಡಿದ್ದು. "ಜಾಸ್ತಿ ಆಯಿಲ್ ಹಾಕಿದರೆ ಇಂಜಿನ್‌ಗೆ ಒಳ್ಳೇದು" ಅನ್ನೋ ನಂಬಿಕೆ ಕೆಟ್ಟದು. ಅದೇ ಅಳತೆಯಲ್ಲಿ ಆಯಿಲ್ ಜಾಗ ಹಿಡಿದಷ್ಟು ಪೆಟ್ರೋಲ್ ಕಮ್ಮಿ ಆಗುತ್ತೆ, ಎಕ್ಸಾಸ್ಟಿನಲ್ಲಿ ಕರಿಯೂ ಕಟ್ಟುತ್ತೆ.

ಮಿಕ್ಸ್ ಒಂದು ತಿಂಗಳಿಗಿಂತ ಹೆಚ್ಚು ಇಡಬೇಡಿ, ಮಳೆಗಾಲದಲ್ಲಿ ಎರಡೇ ವಾರ. ಮರಗಸಿ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆಫ್ ಆಗುವ ತನಕ ಸ್ಲೋನಲ್ಲಿ ಓಡಿಸಿ ಇಡಿ. ನೀರು ಹಾಕಿ ಎಥನಾಲ್ ತೊಳೆದು ತೆಗೆಯುವ ವಿಡಿಯೋಗಳು ಓಡಾಡ್ತಿವೆ. ಹಾಗೆ ತೊಳೆದರೆ ಆಕ್ಟೇನ್ ಇಳಿಯುತ್ತೆ, ಬಿಸಿ ಇಂಜಿನ್‌ನಲ್ಲಿ ನಾಕಿಂಗ್ (ಸಿಲಿಂಡರ್ ಒಳಗೆ ಟಕಟಕ ಸಿಡಿತ) ಬರುತ್ತೆ. ಮಾಡಬೇಡಿ.

ಅರ_ಹಿಡಿದವ

ಕಟ್ ಸೊಟ್ಟ ಹೋಗುವುದಕ್ಕೆ ಇಂಜಿನ್ ಕಾರಣ ಅಲ್ಲ. ಚೈನು ಇಲ್ಲವೇ ಬಾರ್.

ವರ್ನಿಯರ್‌ನಲ್ಲಿ ಎಡದ ಹಲ್ಲು, ಬಲದ ಹಲ್ಲು ಅಳೆಯಿರಿ. ಉದ್ದವೂ ಹರಿತವೂ ಇರುವ ಹಲ್ಲಿನ ಕಡೆಗೆ ಕಟ್ ಎಳೆಯುತ್ತೆ. ಬಲಗೈಯವರು ಒಂದು ಬದಿಯನ್ನು ಚೆನ್ನಾಗಿ, ಇನ್ನೊಂದು ಬದಿಯನ್ನು ಕೈ ತಿರುಚಿಕೊಂಡು ಅರ ಹಾಕ್ತಾರೆ, ನಾಲ್ಕೈದು ಸಲಕ್ಕೆ ವ್ಯತ್ಯಾಸ ಕಾಣುತ್ತೆ. ಎಲ್ಲಕ್ಕಿಂತ ಗಿಡ್ಡ ಹಲ್ಲು ಯಾವುದೋ ಅದರ ಅಳತೆಗೆ ಉಳಿದೆಲ್ಲವನ್ನೂ ತನ್ನಿ. .325 ಚೈನಿಗೆ 4.8 ಮಿ.ಮೀ. ದುಂಡು ಅರ, ಕೋನ 30 ಡಿಗ್ರಿ, ಹಲ್ಲಿನ ಒಳಗಿನಿಂದ ಹೊರಕ್ಕೆ ಒಂದೇ ದಿಕ್ಕಿನ ತಳ್ಳು. ವಾಪಸ್ ಎಳೆಯುವಾಗ ಅರ ಎತ್ತಿಬಿಡಿ. ಮೂರ್ನಾಲ್ಕು ಸಲ ಅರ ಹಾಕಿದ ಮೇಲೆ ಹಲ್ಲಿನ ಎದುರಿಗೇ ಇರುವ ಡೆಪ್ತ್ ಗೇಜ್ ಎಂಬ ಸಣ್ಣ ಉಬ್ಬನ್ನು ಚಪ್ಪಟೆ ಅರದಿಂದ ಇಳಿಸಿ, ಹಲ್ಲಿಗಿಂತ 0.65 ಮಿ.ಮೀ. ಕೆಳಗಿರಬೇಕು. ಕಣ್ಣಳತೆಯಲ್ಲಿ ಜಾಸ್ತಿ ಇಳಿಸಿದರೆ ಚೈನು ಮರ ಕಚ್ಚಿ ಹಿಡಿಯುತ್ತೆ, ಹಿಂದಕ್ಕೆ ಹೊಡೆಯುವ ಅಪಾಯ ಹೆಚ್ಚು. ಇದಕ್ಕೆ ಸಣ್ಣ ತಗಡಿನ ಗೇಜ್ ಸಿಗುತ್ತೆ, ತಪ್ಪದೆ ತಗೊಳ್ಳಿ.

ಹಲ್ಲು ಸಮ ಇದ್ದೂ ಸೊಟ್ಟ ಹೋದರೆ ಬಾರ್ ನೋಡಿ. ಒಂದು ಸ್ಟೀಲ್ ಸ್ಕೇಲನ್ನು ಬಾರಿನ ಮೈಗೂ ಒಂದು ಹಲ್ಲಿನ ಬದಿಗೂ ತಾಗಿಸಿ ಹಿಡಿಯಿರಿ. ಸ್ಕೇಲಿಗೂ ಬಾರಿಗೂ ನಡುವೆ ಸಣ್ಣ ಸಂದು ಕಾಣಬೇಕು. ಸಂದು ಇಲ್ಲದೆ ಸ್ಕೇಲ್ ಬಾರಿಗೆ ಕೂತರೆ ಚೈನು ಓಡುವ ಸೀಳು ಅಗಲವಾಗಿ ಚೈನು ವಾಲುತ್ತಿದೆ, ಬಾರ್ ಬದಲಿಸುವುದೇ. ಅಂಚಿನಲ್ಲಿ ಬರೀ ಮುಳ್ಳಿನಂತೆ ಎದ್ದಿದ್ದರೆ ಚಪ್ಪಟೆ ಅರದಿಂದ ಉಜ್ಜಿ ತೆಗೆದರೆ ಸಾಕು. ಪ್ರತಿ ಸಲ ಚೈನು ತೆಗೆದಾಗ ಬಾರ್ ಮಗುಚಿ ಹಾಕಿ, ಎರಡು ಕಡೆಯೂ ಸಮ ಸವೆಯುತ್ತೆ. ಕ್ಲಚ್ ಡ್ರಮ್ಮಿನ ಸ್ಪ್ರಾಕೆಟ್‌ನಲ್ಲಿ ಅರ್ಧ ಮಿ.ಮೀ. ಕುಳಿ ಬಿದ್ದಿದ್ದರೆ ಹೊಸ ಚೈನು ಹಾಕುವ ಮೊದಲು ಅದನ್ನು ಬದಲಿಸಿ, ಇಲ್ಲದಿದ್ದರೆ ಹೊಸ ಚೈನೂ ಬೇಗ ಉದ್ದವಾಗುತ್ತೆ.

ಚೈನ್ ಆಯಿಲ್ ಬರುತ್ತಿದೆಯಾ ಅಂತ ನೋಡಲು ಬಾರಿನ ತುದಿಯನ್ನು ಹಳೇ ಪೇಪರಿನ ಹತ್ತಿರ ಹಿಡಿದು ಅರ್ಧ ರೇಸ್ ಕೊಡಿ. ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ಬಾರಿನ ಬುಡದ ಎಣ್ಣೆ ತೂತು ಮತ್ತು ಸೀಳು ಕೆರೆದು, ಬಾರ್ ಇಲ್ಲದೆ ಓಡಿಸಿ ನೋಡಿ. ಆಗಲೂ ಬರದಿದ್ದರೆ ಟ್ಯಾಂಕಿನ ಪೈಪು ಸೀಳಿದೆ, ಇಲ್ಲವೇ ಕ್ಲಚ್ಚಿನ ಹಿಂದಿನ ಪ್ಲಾಸ್ಟಿಕ್ ವರ್ಮ್ ಗೇರ್ ಕರಗಿದೆ. ಚೈನ್ ಬ್ರೇಕ್ ಹಾಕಿಟ್ಟೇ ರೇಸ್ ಕೊಟ್ಟರೆ ಕ್ಲಚ್ ಡ್ರಮ್ ಕಾದು ಆ ಗೇರ್ ಕರಗುತ್ತೆ, ಬಹಳ ಸಾಮಾನ್ಯ. ಟ್ರಾಕ್ಟರಿನ ಸುಟ್ಟ ಎಣ್ಣೆ ಹಾಕಬೇಡಿ. ಅದರ ಲೋಹದ ಪುಡಿ ಪಂಪನ್ನು ತಿನ್ನುತ್ತೆ, ಕಾಫಿ ಬುಡಕ್ಕೂ ಸುರಿಯುತ್ತೆ.

ತೆಂಗು, ಅಡಿಕೆ ಮರ ಕೊಯ್ದ ದಿನ ಹಲ್ಲು ಬೇಗ ಮೊಂಡಾಗುತ್ತೆ, ಅದಕ್ಕೆ ಹೆದರಬೇಕಿಲ್ಲ. ಸಿಲ್ವರ್ ಓಕಿನ ಬುಡದಲ್ಲಿ ಮಣ್ಣು ಮೆತ್ತಿದ ತೊಗಟೆ, ಮೆಣಸಿನ ಬಳ್ಳಿ ಕಟ್ಟಿದ ತಂತಿ ಮೊದಲು ಕತ್ತಿಯಿಂದ ಬಿಡಿಸಿಕೊಳ್ಳಿ.

ಹಗ್ಗ_ಕೊಂಬೆ

ಹಗ್ಗಕ್ಕೆ ವರ್ಷ ಎಣಿಸುವುದಕ್ಕಿಂತ ಕೈಯಿಂದ ತಡವಿ ನೋಡುವುದು ಮುಖ್ಯ. ಪ್ರತಿ ಬೆಳಿಗ್ಗೆ ಇಡೀ ಹಗ್ಗ ಬೆರಳುಗಳ ನಡುವೆ ಎಳೆಯಿರಿ. ಎಲ್ಲಾದರೂ ಮೆತ್ತಗೆ ಚಪ್ಪಟೆಯಾಗಿದ್ದರೆ ಒಳಗಿನ ಎಳೆ ಹೋಗಿದೆ. ಹೊರಗಿನ ಹೆಣಿಗೆ ಹರಿದು ಒಳ ಎಳೆ ಕಂಡರೆ, ಉಜ್ಜಿ ಕರಗಿ ಗಾಜಿನಂತೆ ಹೊಳೆದರೆ, ಚೈನು ಒಂದು ಸಲ ತಾಗಿದ್ದರೂ ಸರಿ, ಅದು ಇನ್ನು ಮನುಷ್ಯರಿಗಲ್ಲ. ತುಂಡು ಮಾಡಿ ಹಾಕಿ, ಇಟ್ಟಿದ್ದರೆ ಯಾರಾದರೂ ಮತ್ತೆ ಕಟ್ಟಿಕೊಳ್ತಾರೆ. ಬೆಲ್ಟಿನಲ್ಲಿ ನೋಡಬೇಕಾದ್ದು ಹೊಲಿಗೆ ಮತ್ತು ಬಕಲ್ ಉಜ್ಜುವ ಜಾಗ. ತಯಾರಕರು ಕೊಟ್ಟ ಅವಧಿ ಮುಗಿದರೆ ನೋಡಲು ಚೆನ್ನಾಗಿದ್ದರೂ ಬಿಡಿ.

ಇಡುವ ಜಾಗ ಮುಖ್ಯ. ಮೈಲುತುತ್ತ, ಸುಣ್ಣ, ಬ್ಯಾಟರಿ ಇರುವ ಕೋಣೆಯಲ್ಲಿ ಹಗ್ಗ ಬೇಡ. ನೈಲಾನ್‌ಗೆ ಆಮ್ಲ ಆಗದು, ಪಾಲಿಯೆಸ್ಟರ್‌ಗೆ ಗಟ್ಟಿ ಕ್ಷಾರ ಆಗದು, ಮತ್ತು ಕೆಟ್ಟದ್ದು ಕಣ್ಣಿಗೆ ಕಾಣುವುದೂ ಇಲ್ಲ.

ಮರದ ಮೇಲೆ ಮೆಷಿನ್ ಚಾಲೂ ಮಾಡುವ ಮೊದಲು ಎರಡು ಕಡೆ ಕಟ್ಟಿಕೊಂಡಿರಲೇಬೇಕು: ಹತ್ತುವ ಹಗ್ಗ ಒಂದು, ಕಾಂಡ ಸುತ್ತಿ ಬರುವ ಸ್ಟೀಲ್ ತಿರುಳಿನ ಹಗ್ಗ ಇನ್ನೊಂದು. ಸ್ಟೀಲ್ ಇದೆ ಅಂತ ಚೈನಿಗೆ ಅದು ತಡೆಯುತ್ತೆ ಅಂದುಕೊಳ್ಳಬೇಡಿ, ಒಂದೆರಡು ಕ್ಷಣ ಸಿಗಬಹುದು ಅಷ್ಟೇ. ಇನ್ನು ಅಲ್ಯೂಮಿನಿಯಂ ಏಣಿ, ಅಡಿಕೆಗೆ ಬಳಸುವ ಕಾರ್ಬನ್ ಫೈಬರ್ ದೋಟಿ, ಎರಡೂ ಕರೆಂಟ್ ಹರಿಸುತ್ತವೆ. ಫೈಬರ್ ಅಂತ ಹೆಸರಿದೆ ಅಂತ ತಂತಿ ಹತ್ತಿರ ಒಯ್ಯಬೇಡಿ. ಲೈನ್ ಆಫ್ ಮಾಡಿಸಿಯೇ ಆ ಸಾಲಿನ ಮರ ಮುಟ್ಟಿ.

ತೋಟ_ಮೂಡಿಗೆರೆ

ಎಲ್ಲರಿಗೂ ಧನ್ಯವಾದ. ಹೇಳಿದ ಹಾಗೆ ನೋಡಿದೆ. ಮುಚ್ಚಳ ಸಡಿಲ ಮಾಡಿದರೂ ವ್ಯತ್ಯಾಸ ಇಲ್ಲ. ಬಿಸಿಯಲ್ಲಿ ಕಿಡಿ ನೀಲಿಯಾಗಿ ಚೆನ್ನಾಗಿದೆ. ಪ್ಲಗ್ ಬೆಳ್ಳಗೆ. ವಾಲಿಸಿದರೆ ಸ್ಲೋ ಏರುತ್ತೆ. ಪಿಸ್ಟನ್ ನುಣುಪಾಗಿದೆ, ಗೀರು ಇಲ್ಲ. ಎಡದ ಹಲ್ಲಿಗಿಂತ ಬಲದ ಹಲ್ಲು ಅರ್ಧ ಮಿ.ಮೀ. ಉದ್ದ ಇತ್ತು, ಸಮ ಮಾಡಿದೆ, ಕಟ್ ನೇರ ಹೋಗುತ್ತಿದೆ. ಈಗ ಗಾಳಿ ಎಲ್ಲಿಂದ ಸೇರುತ್ತೆ ಅಂತ ಹುಡುಕುವುದು ಹೇಗೆ?

ಎರಡುಸ್ಟ್ರೋಕ್_ಸಕಲೇಶಪುರ

ಪಿಸ್ಟನ್ ಉಳಿದಿದೆ, ಅದೇ ದೊಡ್ಡದು.

ಮೊದಲು ಕಾರ್ಬೊರೇಟರ್ ಬಿಚ್ಚಿ, ಅದಕ್ಕೂ ಸಿಲಿಂಡರಿಗೂ ನಡುವಿನ ರಬ್ಬರ್ ಹೊರಗೆ ತೆಗೆದು ನಾಲ್ಕೂ ಕಡೆ ಬಗ್ಗಿಸಿ ನೋಡಿ. ಬಿರುಕು ಸಾಮಾನ್ಯವಾಗಿ ಮಡಿಕೆಯ ಒಳಗಿರುತ್ತೆ, ನೆಟ್ಟಗೆ ಹಿಡಿದರೆ ಕಾಣಲ್ಲ. ತಣ್ಣಗಿದ್ದಾಗ ಮುಚ್ಚಿಕೊಂಡಿದ್ದು ಬಿಸಿಗೆ ಬಾಯಿ ಬಿಡುತ್ತೆ, ನಿಮ್ಮ ಮೆಷಿನ್ ಬೆಳಿಗ್ಗೆ ಸರಿ ಇರುವುದಕ್ಕೂ ಅದು ಹೊಂದುತ್ತೆ. ಅಂಟು ಹಾಕಿ ಹಚ್ಚಬೇಡಿ, ಪೆಟ್ರೋಲಿಗೆ ಕರಗುತ್ತೆ. ಹೊಸದೇ ಹಾಕಿ.

ರಬ್ಬರ್ ಚೆನ್ನಾಗಿದ್ದರೆ ಪ್ರೆಷರ್ ಟೆಸ್ಟ್. ಅದಕ್ಕೆ ಬೇಕಾದ ಮೀಟರ್ ಪಂಪ್ ಇರುವವರ ಹತ್ತಿರವೇ ಒಯ್ಯಿರಿ, ಇಲ್ಲದೆ ಊಹೆಯಲ್ಲಿ ಸೀಲ್ (ಕ್ರ್ಯಾಂಕ್ ದಂಡದ ಸುತ್ತ ಗಾಳಿ ತಡೆಯುವ ರಬ್ಬರ್ ಬಳೆ) ಬದಲಿಸಬೇಡಿ. ಸೈಲೆನ್ಸರ್ ಜಾಗದಲ್ಲಿ ಟ್ಯೂಬಿನ ರಬ್ಬರ್ ಇಟ್ಟು ಬಿಗಿದು, ಕಾರ್ಬೊರೇಟರ್ ಕಡೆ ಪ್ಲೇಟ್ ಹಾಕಿ ಮುಚ್ಚಿ, 0.5 ಬಾರ್ ಗಾಳಿ ತುಂಬಿ. ಇಪ್ಪತ್ತು ಸೆಕೆಂಡ್ ಮುಳ್ಳು ಅಲುಗಬಾರದು. ಇಳಿದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಬಂದಲ್ಲಿ ತೂತು. ನಂತರ ಅಷ್ಟೇ ವ್ಯಾಕ್ಯೂಮ್ ಎಳೆಯಿರಿ. ಇದನ್ನು ಬಿಡುವವರೇ ಹೆಚ್ಚು, ಆದರೆ ಇದೇ ಮುಖ್ಯ. ಕ್ರ್ಯಾಂಕಿನ ಆಯಿಲ್ ಸೀಲ್ ಒಳಗಿನ ಒತ್ತಡಕ್ಕೆ ತುಟಿ ಬಿಗಿದು ಸರಿ ಇದ್ದಂತೆ ತೋರಿಸಿ, ವ್ಯಾಕ್ಯೂಮಿಗೆ ಸೋರುತ್ತೆ. ಇಪ್ಪತ್ತು ಸೆಕೆಂಡಿನಲ್ಲಿ 0.5 ಇದ್ದದ್ದು 0.3 ಕ್ಕಿಂತ ಕೆಳಗೆ ಇಳಿದರೆ ಸೀಲ್ ಬದಲಿಸಿ, ಎರಡೂ ಕಡೆ ಒಟ್ಟಿಗೆ.

ಕ್ಲಚ್ ಕಡೆಯ ಸೀಲಿಗೆ ಕ್ಲಚ್ ಬಿಚ್ಚಬೇಕು. ಅದರ ಮರೆ (ಸ್ಕ್ರೂವಿನ ಸುರುಳಿ ಗೆರೆ) ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತೆ. ಪಿಸ್ಟನ್ ತಡೆಯಲು ಪ್ಲಗ್ ತೂತಿನಿಂದ ಹಳೇ ಸ್ಟಾರ್ಟರ್ ಹಗ್ಗ ತುರುಕಿ, ಸ್ಕ್ರೂಡ್ರೈವರ್ ಹಾಕಿದರೆ ಪಿಸ್ಟನ್ ತಲೆ ತೂತಾಗುತ್ತೆ. ಹಗ್ಗ ಹಾಕುವಾಗ ಪಿಸ್ಟನ್ ಎಕ್ಸಾಸ್ಟ್ ತೂತು ದಾಟಿ ಮೇಲೆ ಬಂದಿರಬೇಕು, ಇಲ್ಲದಿದ್ದರೆ ಹಗ್ಗ ತೂತಿಗೆ ಸಿಕ್ಕಿಕೊಳ್ಳುತ್ತೆ. ಹಳೇ ಸೀಲ್ ಕೀಳುವಾಗ ಕ್ರ್ಯಾಂಕಿಗೆ ಗೀರು ಬೀಳಬಾರದು. ಹೊಸ ಸೀಲಿನ ತುಟಿಗೆ ಗ್ರೀಸ್ ಹಚ್ಚಿ, ಮರೆಗೆ ಟೇಪ್ ಸುತ್ತಿ, ನೇರ ಕೂರಿಸಿ.

ತೋಟ_ಮೂಡಿಗೆರೆ

ರಬ್ಬರಿನ ಕೆಳ ಮಡಿಕೆಯಲ್ಲಿ ಉಗುರಿನಷ್ಟು ಬಿರುಕು ಸಿಕ್ಕಿತು. ವ್ಯಾಕ್ಯೂಮ್ ಟೆಸ್ಟೂ ಮಾಡಿಸಿದೆ, ಹೊಸ ರಬ್ಬರ್ ಹಾಕಿದ ಮೇಲೆ ಮುಳ್ಳು ನಿಂತಿತು, ಸೀಲ್ ಸರಿ ಇದೆ. ಡಯಾಫ್ರಮ್ ಕಿಟ್ಟೂ ಹಾಕಿದೆ. ಈಗ ಸ್ಕ್ರೂ ಎಲ್ಲಿಡಬೇಕು? ಈಗ ಹೊಗೆ ಬಹಳ ಬರುತ್ತಿದೆ.

ಕೊಪ್ಪ_ರಿಪೇರಿ

ಹೊಗೆ ಬರಲೇಬೇಕು. ಬಿರುಕಿಗೆ ಸರಿದೂಗಿಸಲು ಬಿಚ್ಚಿಟ್ಟ ಸ್ಕ್ರೂ ಹಾಗೇ ಇದೆ.

ಎಚ್ (ಪೂರ್ತಿ ರೇಸಿಗೆ ಪೆಟ್ರೋಲ್ ಬಿಡುವ ಸ್ಕ್ರೂ) ಮತ್ತು ಎಲ್ (ಸ್ಲೋಗೆ ಬಿಡುವ ಸ್ಕ್ರೂ) ಎರಡನ್ನೂ ಬೆರಳಿನ ಬಲದಲ್ಲಿ, ಬಿಗಿಯದೆ, ತಳ ತಾಗುವ ತನಕ ಒಳಗೆ ತಿರುಗಿಸಿ. ನಿಮ್ಮ ಮಾಡೆಲ್ಲಿನ ಪುಸ್ತಕದಲ್ಲಿ ಶುರುವಿನ ಸುತ್ತು ಬರೆದಿರುತ್ತೆ, ಬಹಳಷ್ಟಕ್ಕೆ ಒಂದು ಸುತ್ತು ಹೊರಗೆ. ಏರ್ ಫಿಲ್ಟರ್ ಶುಭ್ರ ಇರಲಿ, ಚೈನು ಹರಿತ ಇರಲಿ. ಐದು ನಿಮಿಷ ಓಡಿಸಿ ಬಿಸಿ ಮಾಡಿ. ಎಲ್ ಸ್ಕ್ರೂ ನಿಧಾನ ಒಳಗೆ ಹೊರಗೆ ಆಡಿಸಿ ಸ್ಲೋ ಅತಿ ಹೆಚ್ಚಾಗುವ ಜಾಗ ಹುಡುಕಿ, ಅಲ್ಲಿಂದ ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ಹೊರಗೆ ಬಿಡಿ. ರೇಸ್ ಒತ್ತಿದ ತಕ್ಷಣ ತಡವರಿಸದೆ ಏರಬೇಕು. ಸ್ಲೋನಲ್ಲಿ ಚೈನು ತಿರುಗುತ್ತಿದ್ದರೆ ಮೂರನೇ ಸ್ಕ್ರೂ (ಸ್ಲೋ ವೇಗದ್ದು) ಸಡಿಲಿಸಿ ನಿಲ್ಲಿಸಿ. ಅದನ್ನು ಪೂರ್ತಿ ಸಡಿಲಿಸಿದರೂ ಚೈನು ನಿಲ್ಲದಿದ್ದರೆ ಕ್ಲಚ್ ಸ್ಪ್ರಿಂಗ್ ತುಂಡಾಗಿದೆ.

ಎಚ್ ಸ್ಕ್ರೂ ಕಿವಿಯಿಂದ ಮಾಡುವುದಾದರೆ ಹೀಗೆ. ಗಾಳಿಯಲ್ಲಿ ಪೂರ್ತಿ ರೇಸ್ ಎರಡು ಸೆಕೆಂಡ್ ಮಾತ್ರ ಕೊಟ್ಟಾಗ ಕೀಚಲು ಶಬ್ದ ಬರಬಾರದು, ಸ್ವಲ್ಪ ಬರ್‌ಬರ್ ಅಂತ ಒಡಕು ಇರಬೇಕು. ಬಾರ್ ಮರಕ್ಕೆ ಕೂತಾಗ ಆ ಒಡಕು ಹೋಗಿ ಶಬ್ದ ಶುದ್ಧವಾಗಬೇಕು. ಮರದಲ್ಲೂ ಬರ್‌ಬರ್ ಅಂದರೆ ಪೆಟ್ರೋಲ್ ಜಾಸ್ತಿ, ಚೂರು ಒಳಗೆ. ಗಾಳಿಯಲ್ಲೇ ಕೀಚಿದರೆ ಕಮ್ಮಿ, ತಕ್ಷಣ ಹೊರಗೆ. ಟ್ಯಾಕೋಮೀಟರ್ ಇದ್ದರೆ ಪುಸ್ತಕದ ಗರಿಷ್ಠ ಅಂಕೆ ದಾಟಬೇಡಿ. ಇ20 ತಾನೇ ಸ್ವಲ್ಪ ಗಾಳಿಯ ಕಡೆಗೆ ಎಳೆಯುತ್ತೆ, ಹಾಗಾಗಿ ಅನುಮಾನ ಬಂದಾಗ ಎಚ್ ಸ್ಕ್ರೂ ಹೊರಗಿನ ಕಡೆಗೇ ಇರಲಿ.

ಒಂದು ಟ್ಯಾಂಕ್ ಕೊಯ್ದ ಮೇಲೆ, ಸ್ಲೋಗೆ ಇಳಿಸದೆ ಕೊಯ್ಲಿನ ರೇಸ್‌ನಲ್ಲೇ ಸ್ವಿಚ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿ. ಚಹಾ ಕಂದು ಬಂದಿದ್ದರೆ ಸ್ಕ್ರೂಗಳ ಜಾಗಕ್ಕೆ ಬಿಳಿ ಪೇಂಟಿನ ಗುರುತು ಹಾಕಿಡಿ. ಮುಂದೆ ಯಾರಾದರೂ ತಿರುಗಿಸಿದರೆ ಗೊತ್ತಾಗುತ್ತೆ.